ನೀರುಗಂಟಿಯ ಪಾಲಿನ ಹೊರೆ

ನಮ್ಮಪ್ಪ ನೆಲಮಂಗಲಕ್ಕೆ ಹತ್ತಿರದ ಮಧುರೆ ಕಡೆಯ ಒಂದು ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಹೂಳು ತೆಗೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿ ಬಿಡುವುದು ಅವನ ಕೆಲಸ. ಸಂಬಳವಿಲ್ಲ. ಸುಗ್ಗಿಯಲ್ಲಿ ಗದ್ದೆಯವರೆಲ್ಲ ಒಂದೊಂದು ಹೊರೆ ಭತ್ತ ಕೊಡಬೇಕು. ಕೊಡುವಾಗ ಅವರ ಮುಖ ನೋಡಬೇಕಿತ್ತು, ಭಿಕ್ಷೆ ಹಾಕಿದ ಹಾಗೆ. ಆ ಮುಖಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅರವತ್ತರ ದಶಕದ ಕೊನೆಗೆ ಊರಿಗೆ ಕರೆಂಟು ಬಂತು. ಪಟೇಲರು ಕೆರೆ ಏರಿಯ ಕೆಳಗೇ ಬಾವಿ ತೋಡಿಸಿ ಪಂಪ್‌ಸೆಟ್ ಕೂರಿಸಿದರು. ಅವರನ್ನು ನೋಡಿ ಇನ್ನೂ ನಾಲ್ಕೈದು ಮನೆಯವರು ಕೂರಿಸಿದರು. ಆ ಸುಗ್ಗಿಯಲ್ಲಿ ಅಪ್ಪನೂ ನಾನೂ ಪಟೇಲರ ಕಣಕ್ಕೆ ಹೋದೆವು. ನನಗಾಗ ಹದಿನೆಂಟು.

"ನಿಂಗ್ಯಾಕ್ಲಾ ಹೊರೆ? ನಮ್ ನೀರು ನಮ್ ಬಾವೀದು. ನೀನೇನ್ ಬಂದು ಸ್ವಿಚ್ ಹಾಕ್ತೀಯಾ?" ಎಂದರು ಪಟೇಲರು. ಕಣದಲ್ಲಿದ್ದವರೆಲ್ಲ ನಕ್ಕರು.

ಅಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ. "ಕೆರೆ ಒಣಗಿದ್ರೆ ನಿಮ್ ಬಾವೀಗೆ ನೀರೆಲ್ಲಿಂದ ಬತ್ತದೆ? ಸ್ವಿಚ್ಚಿಂದಾನಾ?"

"ಮೊದ್ಲು ನಿನ್ ಮಗಳ ಬಾಯಿ ಹೊಲಿಯೋ" ಎಂದು ಅಪ್ಪನಿಗೆ ಹೇಳಿ ಬೆನ್ನು ತಿರುಗಿಸಿದರು.

ಮಾರನೆಯ ದಿನ ಅಪ್ಪ ಊರವರ ಮುಂದೆ ಗುದ್ದಲಿ ಇಟ್ಟು, "ಇನ್ ನಾ ತೂಬು ಮುಟ್ಟಾಕಿಲ್ಲ" ಎಂದ. ನೆಲಮಂಗಲಕ್ಕೆ ಹೋಗಿ ಲಾರಿಗೆ ಮೂಟೆ ಹೊರುವ ಕೆಲಸ ಹಿಡಿದ.

ಮುಂದಿನ ಮಳೆಗಾಲದಲ್ಲಿ ಕೆರೆಯೇನೋ ತುಂಬಿತು. ಆದರೆ ಬೇಕಾದವರು ಬೇಕಾದಾಗ ತೂಬು ಎತ್ತಿದರು, ಇಳಿಸುವವರು ಯಾರೂ ಇಲ್ಲ. ಕಾಲುವೆ ಒಡೆದು ನೀರು ಹಳ್ಳ ಸೇರಿತು. ಕೊನೆಯ ಗದ್ದೆಯ ವಿಧವೆಯೊಬ್ಬಳ ಪೈರು ಹೊಡೆ ಬಿಚ್ಚಿ ತೆನೆ ಕಾಣುವ ಮೊದಲೇ ಒಣಗಿತು. ಹೊರೆ ಕೊಡುವಾಗ ಎಂದೂ ಮುಖ ಗಂಟಿಕ್ಕದವಳು ಅವಳೊಬ್ಬಳೇ. ಶಿವರಾತ್ರಿಯ ಹೊತ್ತಿಗೆ ಕೆರೆ ಬಿರುಕು ಬಿಟ್ಟಿತ್ತು, ಪಟೇಲರ ಪಂಪು ಗಾಳಿ ಎಳೆಯುತ್ತಿತ್ತು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ಆಗ ಪಟೇಲರೇ ನಮ್ಮ ಮನೆಗೆ ಬಂದರು. ಅಮ್ಮ ಚಾಪೆ ಹಾಸಲಿಲ್ಲ.

"ಬಾರಪ್ಪ, ಎರಡ್ ಹೊರೆ ಕೊಡ್ತೀವಿ."

ಅಪ್ಪ ನನ್ನ ಕಡೆ ನೋಡದೆ, "ಆಯ್ತು ಬುದ್ದಿ" ಎಂದ. ಆ ವಿಧವೆಯ ಗದ್ದೆಗಾಗಿ ಒಪ್ಪಿದೆ ಅಂತ ಆಮೇಲೆ ಹೇಳಿದ. ನಾನು ಹದಿನೈದು ದಿನ ಅವನ ಜೊತೆ ಮಾತಾಡಲಿಲ್ಲ.

ಎರಡು ಸುಗ್ಗಿ ಪಟೇಲರೂ ಉಳಿದವರೂ ಕೊಟ್ಟ ಮಾತಿನಂತೆ ನಡೆದುಕೊಂಡರು. ಮೂರನೆಯ ವರ್ಷ ಬಾವಿಗಳ ತಳಕ್ಕೆ ಬೋರು ಹಾಕಿಸಿದರು, ಕೆರೆ ಒಣಗಿದರೂ ಪಂಪಿಗೆ ನೀರು ಸಿಗುವಂತಾಯಿತು, ಹೊರೆ ನಿಂತಿತು. ಅಪ್ಪ ಮತ್ತೆ ಮೂಟೆ ಹೊರಲು ಹೋದ. ಈ ಸಲ ಯಾರೂ ಅವನನ್ನು ಕರೆಯಲು ಬರಲಿಲ್ಲ.