ಬಿಸಿಲಿಗೆ ಹಿಡಿದ ವೈನ್ ಬಾಟಲಿ

ಗೆಳೆಯರೇ, ಮನೆಗೆ ಹೋಗುವ ಧೈರ್ಯವಿಲ್ಲದೆ ಕುಂದಗೋಳದ ಬಸ್ ನಿಲ್ದಾಣದಲ್ಲೇ ಕುಳಿತಿದ್ದೇನೆ.

ನಾಳೆ ಗೋವಾದಿಂದ ಬೀಗರು ಬರುತ್ತಾರೆ. ಅವರಿಗೆ ಊಟದ ಜೊತೆ ವೈನ್ ಬೇಕು. ನಾನು ಅದನ್ನು ಮೂಸಿಯೂ ನೋಡಿದವನಲ್ಲ.

"ಇದು ಚಲೋ ಐತೇನ್ರಿ?" ಎಂದು ಒಂದು ಬಾಟಲಿ ತೋರಿಸಿ ವೈನ್ ಅಂಗಡಿಯವನನ್ನು ಕೇಳಿದೆ.

"ಇಲ್ಲಿ ವೈನ್ ಯಾರ್ ಕುಡಿತಾರ್ರಿ ಸರ್? ಬಾಟ್ಲಿ ನೋಡಿ ನೀವ ಹೇಳ್ರಿ."

ಬಾಟಲಿ ಭಾರವಿತ್ತು, ಬಿರಡೆ ಬಿಗಿಯಾಗಿತ್ತು. ತಳದಲ್ಲಿ ಗಸಿ ಇದೆಯೇ ಎಂದು ಹೊರಗೆ ಬಂದು ಬಿಸಿಲಿಗೆ ಎತ್ತಿ ಹಿಡಿದೆ. ಎದುರಿಗೇ ನಮ್ಮೂರಿಗೆ ಹೋಗುವ ಬಸ್ಸು. ಕಿಟಕಿಯಲ್ಲಿ ಅವ್ವನ ತಂಗಿ, ಚಿಗವ್ವ!

"ಏನಲೇ ಬಸ್ಯಾ, ಹಾಡಹಗಲ ಬಾಟ್ಲಿ ಎತ್ತೀಯಲ್ಲೋ!"

"ಬೀಗರಿಗೆ ಬೇ ಚಿಗವ್ವಾ..." ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಅವ್ವನಿಗೆ ನಾನಿನ್ನೂ ವೈನಿನ ವಿಷಯ ಹೇಳಿಲ್ಲ. ಈಗ ಅವಳದೇ ಫೋನು, ಮೂರನೇ ಸಲ.

ವೈನ್ ಎಂಥದ್ದೆಂದು ಬೀಗರು ನಾಳೆ ಹೇಳುತ್ತಾರೆ. ನಾನು ಎಂಥವನೆಂದು ಅವ್ವ ಇವತ್ತೇ ಹೇಳುತ್ತಾಳೆ.