ಜೈಲಿಂದ ಬಂದ ಕೈಯ ಮುದ್ದೆ

"ಜೈಲಿನ ಗಾಳಿ ಕುಡಿದೋನ ಕೈಯಿಂದ ನಮ್ಮ ಕುಲದಲ್ಲಿ ಒಬ್ಬನೂ ತೊಟ್ಟು ನೀರು ಮುಟ್ಟಿಲ್ಲ. ನನ್ನ ಹೊಟ್ಟೆ ಸೀಳಿ ನೋಡಿ, ಗಂಗೆ ಹರೀತಿರ್ತಾಳೆ" ಎಂದು ಕುಲದ ಯಜಮಾನ ರಾಮಾಂಜಿನಪ್ಪನವರು ಅರಳಿಕಟ್ಟೆಯ ಮೇಲೆ ಕುಳಿತು ಸಾರಿದರು. ಆ ಹೊಟ್ಟೆಯಲ್ಲಿ ಗಂಗೆ, ಯಮುನೆ, ಕಾವೇರಿ ಮೂವರೂ ಹರಿದು, ನಾಲ್ಕು ಜೊತೆ ಎತ್ತು ಕಟ್ಟುವಷ್ಟು ಜಾಗ ಇನ್ನೂ ಉಳಿಯುತ್ತಿತ್ತು.

ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದವನು ಪಿಳ್ಳಣ್ಣ. ನಲ್ಲೂರಿನ ಹುಣಸೆತೋಪು ದಾಟಿದರೆ ಸಿಗುವ ಆ ಊರಿಗೆ ಅವನು ಬೆಂಗಳೂರಿನ ಜೈಲಿನಿಂದ ಹಿಂದಿನ ದಿನವಷ್ಟೇ ಮರಳಿದ್ದ. ಅದು ಅರವತ್ತೇಳನೆಯ ಇಸವಿ. ಬದುವಿನ ಜಗಳದಲ್ಲಿ ಅವನು ಬೀಸಿದ ದೊಣ್ಣೆಗೆ ಪಕ್ಕದ ಹೊಲದವನು ಸತ್ತಿದ್ದ. ಅದನ್ನು ಪಿಳ್ಳಣ್ಣ ಕೋರ್ಟಿನಲ್ಲೂ ಇಲ್ಲವೆಂದಿರಲಿಲ್ಲ, ಕಟ್ಟೆಯ ಮುಂದೆಯೂ ಇಲ್ಲವೆನ್ನಲಿಲ್ಲ. ಶಿಕ್ಷೆಯನ್ನೆಲ್ಲ ಜೈಲಿನ ಅಡುಗೆಮನೆಯಲ್ಲಿ ಸವೆಸಿದ್ದ. ಅಲ್ಲಿನ ಹಂಡೆಯಲ್ಲಿ ಎಮ್ಮೆ ತನ್ನ ಕರುವಿನ ಸಮೇತ ಈಜಬಹುದಿತ್ತು. ಮುದ್ದೆಯ ಕೋಲನ್ನು ನೆಟ್ಟಿದ್ದರೆ ಚಿಗುರಿ ತೋಪಾಗುತ್ತಿತ್ತು. ಬಿಡುಗಡೆಯ ದಿನ ಅಧಿಕಾರಿಯೊಬ್ಬರು ಬೆನ್ನು ತಟ್ಟಿ, "ಇನ್ನು ಮೇಲೆ ಮನುಷ್ಯರ ಹಾಗೆ ಬಾಳಪ್ಪಾ" ಎಂದಿದ್ದರು. ಆ ಬುದ್ಧಿವಾದ ಊರಿನವರಿಗೂ ಬೇಕಾದೀತೆಂದು ಅವರಿಗೆ ಹೊಳೆದಿರಲಿಲ್ಲ.

ಕಟ್ಟೆಯ ತೀರ್ಪು ಹೀಗಿತ್ತು. ಜೈಲಿನ ಅನ್ನ ಉಂಡವನು ಕುಲಕ್ಕೆ ಸೇರಬೇಕಾದರೆ ಕಾಯಿಸಿದ ಚಿನ್ನದಿಂದ ಅವನ ನಾಲಿಗೆ ಸುಡಬೇಕು. ಅವನ ಕೈಯಲ್ಲಿ ಉಂಡವನಿಗೂ ಅದೇ ಶಾಸ್ತ್ರ. ಅದಾಗುವವರೆಗೆ ಆ ಮನೆಗೆ ಯಾರೂ ಒಲೆಯ ಕೆಂಡ ಕೊಡಕೂಡದು, ಬಾವಿ ಮುಟ್ಟಲು ಬಿಡಕೂಡದು.

"ಈಗ್ಲೇ ಸುಡಿ ಯಜಮಾನ್ರೇ" ಎಂದು ಪಿಳ್ಳಣ್ಣ ಅಲ್ಲೇ ನಾಲಿಗೆ ಚಾಚಿದ.

"ಒಳಗೆ ಹಾಕ್ಕೊಳ್ಳೋ. ಅದಕ್ಕೆಲ್ಲ ಒಳ್ಳೇ ದಿನ ಬರ್ಬೇಕು. ಉಗಾದಿ ಕಳೀಲಿ."

ಉಗಾದಿ ಕಳೆಯಿತು. ಗೌರಿಹಬ್ಬ ಕಳೆಯಲಿ ಎಂದರು. ಅದೂ ಕಳೆಯಿತು. ಜಡ್ಜಿ ಕೊಟ್ಟ ಶಿಕ್ಷೆಗೆ ಕೊನೆಯೊಂದಿತ್ತು, ಕಟ್ಟೆಯ ಶಿಕ್ಷೆಗೆ ಅದೂ ಇರಲಿಲ್ಲ. ಕೊಂದವನು ಪಿಳ್ಳಣ್ಣ, ಕೆರೆಯ ಕೆಸರುನೀರು ಹೊತ್ತು ಸೊಂಟ ಮುರಿದುಕೊಂಡವಳು ಅವನ ತಾಯಿ ಮುನಿತಾಯಮ್ಮ. ಮಗ ಬೆಂಕಿಪೊಟ್ಟಣ ತಂದುಕೊಟ್ಟರೆ ಮುದುಕಿ ಅದನ್ನು ಪಕ್ಕಕ್ಕಿಟ್ಟಳು.

"ಬೆಂಕಿಗೇನು ಬರ ಇಲ್ಲ ಕಣಪ್ಪ. ಕೆಂಡ ಕೇಳೋ ನೆಪದಲ್ಲಿ ಆಡೋ ನಾಕು ಮಾತೂ ಹೋಯ್ತಲ್ಲ. ನಾಳೆ ಸತ್ರೆ ಹೊರೋಕಾದ್ರೂ ಯಾರು ಬರ್ತಾರೆ?"

ಪಿಳ್ಳಣ್ಣ ದೇವನಹಳ್ಳಿಗೆ ಹೋಗಿ ಕೆಲಸ ಹುಡುಕಿದ. ಬಸ್‌ಸ್ಟ್ಯಾಂಡಿನ ಬಳಿ ಹೋಟೆಲಿಟ್ಟಿದ್ದ ಆದಿನಾರಾಯಣಪ್ಪ ಎಲ್ಲಿದ್ದೆ, ಏನು ಮಾಡಿದೆ ಎಂದು ಕೇಳಲಿಲ್ಲ. "ಗಂಟಿಲ್ದಂಗೆ ಮುದ್ದೆ ತೊಳಸ್ತೀಯಾ?" ಎಂದ, ಅಷ್ಟೆ. ಪಿಳ್ಳಣ್ಣ ಗೋಣಿತಾಟಿನ ಪರದೆಯ ಹಿಂದೆ ಒಲೆ ಹಿಡಿದ.

ಪ್ರತಿ ಸಂತೆಗೂ ರಾಮಾಂಜಿನಪ್ಪನವರು ಆ ಹೋಟೆಲಿಗೇ ಬರುತ್ತಿದ್ದರು. ಹಿದುಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆಗಳು ಒಂದರ ಹಿಂದೊಂದು ಮುಳುಗಿ ಮಾಯವಾಗುತ್ತಿದ್ದವು. ಅವರು ತೇಗಿದರೆ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ತಾನಾಗಿ ಸ್ಟಾರ್ಟಾಗುತ್ತಿತ್ತು. ಪರದೆಯ ಸಂದಿಯಿಂದ ನೋಡುತ್ತ ಪಿಳ್ಳಣ್ಣ ಹಲ್ಲು ಕಡಿಯುತ್ತಿದ್ದ ರಭಸಕ್ಕೆ ಬಾಯಿಗೆ ರಾಗಿ ಹಾಕಿದ್ದರೆ ಹಿಟ್ಟಾಗಿ ಬೀಳುತ್ತಿತ್ತು. ಆದರೂ ಸಾರಿಗೆ ಒಂದು ಹರಳು ಉಪ್ಪು ಹೆಚ್ಚು ಹಾಕಲಿಲ್ಲ. ಸಾರು ಯಾವ ತಪ್ಪೂ ಮಾಡಿರಲಿಲ್ಲ.

ಹೀಗೆ ವರ್ಷ ತುಂಬಿತು. ಒಂದು ಸಂತೆಯ ದಿನ ಯಜಮಾನರು ಬೆರಳು ನೆಕ್ಕುತ್ತ ಕೂಗಿದರು. "ಆದಿನಾರಾಯಣಪ್ಪ, ನಿನ್ನ ಅಡುಗೆಯವನನ್ನ ಕರಿ. ನನ್ನ ಮಗಳ ಮದುವೆಗೆ ಅವನೇ ಆಗ್ಬೇಕು. ಇಂಥ ಕೈ ಊಟ ನಾನು ಹುಟ್ಟಿದ ಮೇಲೆ ಉಂಡಿಲ್ಲ."

ಪಿಳ್ಳಣ್ಣ ಪರದೆಯ ಹಿಂದೆಯೇ ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ತಾಯಿ ಪಕ್ಕಕ್ಕಿಟ್ಟ ಆ ಬೆಂಕಿಪೊಟ್ಟಣ ನೆನಪಾಯಿತು. ಕೈಯಲ್ಲಿದ್ದ ಇಕ್ಕಳದ ಸಮೇತ ಹೊರಗೆ ಬಂದ.

ನೆಕ್ಕುತ್ತಿದ್ದ ಬೆರಳು ರಾಮಾಂಜಿನಪ್ಪನವರ ಬಾಯಲ್ಲೇ ಉಳಿಯಿತು. ಗಂಗೆ ಹರಿಯುವುದನ್ನು ಮರೆತಳು.

"ನೀನೇನೋ? ವರ್ಷದಿಂದ ನನ್ನ ಕುಲ ಕೆಡಿಸ್ದೆಯಲ್ಲೋ, ಹಾಳಾದೋನೆ." ಆಚೀಚೆ ನೋಡಿ ದನಿ ತಗ್ಗಿಸಿದರು. "ನಮ್ಮೂರವರು ಕೂತವ್ರೆ. ಒಳಗೆ ಹೋಗು, ಯಾರಿಗೂ ಹೇಳ್ಬೇಡ."

ಪಿಳ್ಳಣ್ಣ ದನಿ ತಗ್ಗಿಸಲಿಲ್ಲ.

"ಒಲೆ ನಿಗಿನಿಗಿ ಅಂತೈತೆ ಯಜಮಾನ್ರೇ. ನಿಮ್ಮ ಬೆರಳಿನ ಆ ಚಿನ್ನದ ಉಂಗುರ ಬಿಚ್ಕೊಡಿ, ಕಾಯಿಸ್ತೀನಿ. ಮೊದಲು ನಿಮ್ಮ ನಾಲಿಗೆ ಸುಡೋಣ, ಆಮೇಲೆ ನಂದು. ಒಳ್ಳೇ ದಿನ ಅಲ್ಲ ಅಂತೀರಾ? ಹಂಗಾದ್ರೆ ಇವತ್ತು ಹೊತ್ತು ಮುಳುಗೋದ್ರೊಳಗೆ ನಿಮ್ಮ ಒಲೆ ಕೆಂಡ ನಮ್ಮವ್ವನ ಒಲೇಲಿರ್ಬೇಕು. ಆಳಿನ ಕೈಲಿ ಕಳಿಸ್ಬೇಡಿ, ನೀವೇ ತನ್ನಿ. ಕೂತು ನಾಕು ಮಾತಾಡಿ ಹೋಗಿ."