ಬಿಳಿಯನ್ನು ಹಳದಿ ಎಂದೆ

ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಹೊಂಗನೂರಿನ ಮಹದೇವಮ್ಮನವರ ಮನೆಯ ಜಗಲಿ. ಅಲ್ಲಿ ಇದ್ದವರು ಮೂವರು — ಮಹದೇವಮ್ಮ, ಅವರ ಸೊಸೆ ಗೀತಾ, ನಾನು. ಕೊಟ್ಟ ನೀರನ್ನು ಕುಡಿಯುವ ಮೊದಲೇ ಹೇಳಿಬಿಟ್ಟೆ: “ಅವತ್ತು ದೋಷ ಇದ್ದದ್ದು ನಿಮ್ಮ ಕಣ್ಣಲ್ಲಲ್ಲ ಮಹದೇವಮ್ಮ, ನನ್ನ ಕಣ್ಣಲ್ಲಿ. ಅದು ನನಗೆ ಗೊತ್ತಿತ್ತು.”

ಇಷ್ಟು ಹೇಳಲು ಏಳು ವರ್ಷ ಹಿಡಿಯಿತು. ಬಸ್ಸು ಒಂದು ನಿಮಿಷ ತಡವಾದರೆ ಗಡಿಯಾರ ನೋಡುವವನು ನಾನು. ಇದಕ್ಕೆ ಮಾತ್ರ ಯಾವ ಗಡಿಯಾರವನ್ನೂ ನೋಡಲಿಲ್ಲ.

ಸೇನೆಯ ಉಗ್ರಾಣದಲ್ಲಿ ದುಡಿದು ನಿವೃತ್ತನಾದ ಮೇಲೆ ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದೆ. ಹೆದ್ದಾರಿ ಅಗಲವಾಗುತ್ತಿದ್ದ ಕಾಲ. ಪ್ಲಾಸ್ಟಿಕ್ ಆಟಿಕೆಗಳು ಅಂಗಡಿ ತುಂಬುತ್ತಿದ್ದವು. ನಮ್ಮ ಮರದ ಗೊಂಬೆಗಳಿಗೆ ಹೊರದೇಶದ ಬೇಡಿಕೆಯೇ ಆಸರೆ. ಆ ಗಿರಾಕಿಗಳಿಗೆ ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವಂತಿಲ್ಲ. ಯಾವುದು ಪೆಟ್ಟಿಗೆಗೆ, ಯಾವುದು ರದ್ದಿಗೆ ಎಂದು ಹೇಳುವವನು ನಾನೊಬ್ಬನೇ. ನನ್ನ ಮಾತಿನ ಮೇಲೆ ಯಜಮಾನರೂ ಮಾತಾಡುತ್ತಿರಲಿಲ್ಲ.

ಮಹದೇವಮ್ಮ ಬಣ್ಣದ ಲೇತಿನಲ್ಲಿದ್ದವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವ ಕೆಲಸ. ಬಿಳಿ ಬಣ್ಣವನ್ನು ಅವರಿಗೇ ಕೊಡುತ್ತಿದ್ದೆವು. ಅರಗಿನ ಮೈಬಣ್ಣವೇ ಹೊಂಬಣ್ಣ. ಕಾವು ಸ್ವಲ್ಪ ಹೆಚ್ಚಾದರೆ ಬಿಳಿ ಹಳದಿಗೆ ತಿರುಗುತ್ತದೆ. ಅವರ ಕೈಯಲ್ಲಿ ತಿರುಗುತ್ತಿರಲಿಲ್ಲ. ಬಣ್ಣದ ವಿಭಾಗಕ್ಕೆ ಅವರನ್ನೇ ಮುಖ್ಯಸ್ಥೆ ಮಾಡುವುದೆಂದು ಯಜಮಾನರು ಹೇಳಿಯೂ ಆಗಿತ್ತು.

ಆ ವಾರವೇ — ಕೂಸುಗಳು ಕೋಲಿಗೆ ಪೋಣಿಸಿ ಆಡುವ ಬಿಳಿ ಉಂಗುರಗಳ ಒಂದು ತಟ್ಟೆ ನನ್ನ ಮೇಜಿಗೆ ಬಂತು. ನನಗೆ ಎಲ್ಲವೂ ಹಳದಿಯಾಗಿ ಕಂಡವು.

“ಇದು ಬಿಳಿಯೇನಮ್ಮ? ಹಾಲಿಗೆ ಅರಿಶಿನ ಕಲಸಿದ ಹಾಗಿದೆ.”

“ಬೆಳ್ಳಗೇ ಐತಲ್ಲ ಸಾರ್.”

“ನಿನಗೆ ಕಣ್ಣು ಕಾಣಿಸಲ್ಲ. ಮೊದಲು ಹೋಗಿ ಕಣ್ಣು ತೋರಿಸಿಕೊ.”

ಲೇತುಗಳು ನಿಂತವು. ಎಲ್ಲ ಹೆಂಗಸರೂ ತಿರುಗಿ ನೋಡುತ್ತಿದ್ದರು. ಅವರಲ್ಲೊಬ್ಬಳು ನನ್ನ ಮುಖ ನೋಡಿ, “ಒಸಿ ಹಳದಿನೇ ಅನ್ನಿಸ್ತದೆ, ಅಲ್ವಾ?” ಎಂದಳು. ಇನ್ನೊಬ್ಬಳು ಹೂಂಗುಟ್ಟಿದಳು. ಹೇಳುವವನು ಗಟ್ಟಿಯಾಗಿ ಹೇಳಿದರೆ ಎಲ್ಲರಿಗೂ ಹಾಗೇ ಕಾಣತೊಡಗುತ್ತದೆ — ಕೊನೆಗೆ ಮಹದೇವಮ್ಮನವರೂ ಒಂದು ಉಂಗುರವನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ತಟ್ಟೆಯಲ್ಲಿಟ್ಟರು. ಮಾರನೆಯ ದಿನದಿಂದ ಅವರಿಗೆ ಮರಕ್ಕೆ ಉಪ್ಪುಕಾಗದ ಉಜ್ಜುವ ಕೆಲಸ ಕೊಟ್ಟೆ.

ಇಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ಅನ್ಯಾಯ ಇದಾದ ಮೇಲಿನದು.

ನನ್ನ ಮೊಮ್ಮಗಳು ಪಲ್ಲವಿಗೆ ಆಗ ಎಂಟು ವರ್ಷ. ಅವಳಪ್ಪ ಅವಳಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ತಂದುಕೊಟ್ಟಿದ್ದ. ಸಂಜೆ ಐದರಿಂದ ಐದೂವರೆ, ಅಷ್ಟೇ — ಅದು ನನ್ನ ಕಟ್ಟಪ್ಪಣೆ. ಕೆಲಸಕ್ಕೆ ರಜೆ ಹಾಕಿದ್ದ ಒಂದು ದಿನ, ಇದರಲ್ಲಿ ಅಂಥದ್ದೇನಿದೆ ನೋಡೋಣವೆಂದು ನಾನೇ ಕೈಗೆ ತೆಗೆದುಕೊಂಡೆ. ಮೇಲಿನಿಂದ ಬಣ್ಣದ ಗುಂಡುಗಳು ಬೀಳುತ್ತವೆ. ಒಂದೇ ಬಣ್ಣದ ನಾಲ್ಕು ಸೇರಿದರೆ ಮಾಯವಾಗುತ್ತವೆ. ಸಾಮಾನನ್ನು ಸಾಲಾಗಿ ಜೋಡಿಸುವುದೇ ನನ್ನ ಬದುಕಾಗಿತ್ತು. ಇದೇನು ಮಹಾ ಎಂದುಕೊಂಡೆ. ನಾಲ್ಕು ಜೋಡಿಸಿದೆ. ಮಾಯವಾಗಲಿಲ್ಲ. ಇನ್ನೊಮ್ಮೆ — ಆಗಲೂ ಇಲ್ಲ.

ಪಲ್ಲವಿ ನಕ್ಕಳು. “ತಾತ, ಅದು ನೀಲಿ. ನೀವು ಹಸಿರಿನ ಮೇಲೆ ಇಡ್ತಿದ್ದೀರ. ಅಯ್ಯೋ, ಇದು ಬಿಳಿ ತಾತ, ಹಳದಿ ಅಲ್ಲ.”

ಯಂತ್ರ ಕೆಟ್ಟಿದೆ ಎಂದೆ. ಅಂಗಳದ ಬೆಳಕಿಗೆ ಬಂದು ಆಡಿದೆ. ಅಲ್ಲೂ ಗುಂಡುಗಳು ರಾಶಿ ಬಿದ್ದು ಪರದೆ ತುಂಬಿ ಆಟ ಮುಗಿಯಿತು. ಒಳಗೆ ಹೋಗಿ, ಅವಳಿಗೆಂದು ತಂದಿದ್ದ ರದ್ದಿ ಉಂಗುರವೊಂದನ್ನು ಎತ್ತಿಕೊಂಡು ಬಂದೆ — ಮಹದೇವಮ್ಮ ಮಾಡಿದ್ದು.

“ಇದು ಯಾವ ಬಣ್ಣ?”

“ಬಿಳಿ.”

“ಸರಿಯಾಗಿ ನೋಡು.”

“ಬಿಳಿ ತಾತ. ಹಾಲಿನ ಥರ.”

ಆ ಕ್ಷಣದಲ್ಲೇ ನನಗೆ ಎಲ್ಲವೂ ತಿಳಿಯಿತು. ಚಪ್ಪಲಿ ಮೆಟ್ಟಿ ಹೊರಟಿದ್ದರೆ ಕಾರ್ಖಾನೆ ಮುಚ್ಚುವ ಮೊದಲೇ ಮುಟ್ಟಬಹುದಿತ್ತು. ಹೊರಡಲಿಲ್ಲ. ಮೊಮ್ಮಗಳ ಎದುರು ಮಂಡಿಯೂರಿ ಕೂತು, “ಇದನ್ನ ಯಾರಿಗೂ ಹೇಳಬೇಡ” ಎಂದೆ. ಅವಳ ಆಟದ ಹೊತ್ತನ್ನು ಒಂದು ಗಂಟೆಗೆ ಏರಿಸಿದೆ. ಶಿಸ್ತಿನ ತಾತ ಮಗುವಿಗೆ ಕೊಟ್ಟ ಲಂಚ ಅದು.

ಮುಂದಿನದನ್ನು ಬರೆಯಲು ಇನ್ನೂ ನಾಚಿಕೆ. ಆ ಆಟವನ್ನು ನಾನು ದಿನವೂ ಆಡತೊಡಗಿದೆ — ಸಂತೋಷಕ್ಕಲ್ಲ, ಸಿಕ್ಕಿಬೀಳದಿರಲು. ಯಾವುದು ಒಂದಿಷ್ಟು ಮಂಕು, ಯಾವುದು ಒಂದಿಷ್ಟು ಹೊಳಪು ಎಂಬುದರ ಮೇಲೆ ನೀಲಿ ಹಸಿರುಗಳನ್ನು ಊಹಿಸುವುದು ಕಲಿತೆ. ಕಾರ್ಖಾನೆಯಲ್ಲಿ ಅನುಮಾನ ಬಂದಾಗ ಹುಡುಗಿಯರನ್ನು ಪರೀಕ್ಷಿಸುವವನಂತೆ ಗತ್ತಿನಿಂದ, “ಇದು ಯಾವ ಬಣ್ಣ, ನೀನೇ ಹೇಳು ನೋಡೋಣ” ಎನ್ನುತ್ತಿದ್ದೆ. ಅವರು ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ. ಅತ್ತ ಮೂಲೆಯಲ್ಲಿ ಮಹದೇವಮ್ಮ ಉಪ್ಪುಕಾಗದ ಉಜ್ಜುತ್ತಿದ್ದರು. ಕೆಲವು ತಿಂಗಳ ನಂತರ ಕೆಲಸ ಬಿಟ್ಟರು. ನನಗೆ — ಹೇಳಿಯೇಬಿಡುತ್ತೇನೆ — ಹಗುರವಾಯಿತು.

ಆಮೇಲೆ ನಾನೂ ಕೆಲಸ ಬಿಟ್ಟೆ, ಕಣ್ಣಿನ ಪೊರೆ ತೆಗೆಸಿದೆ. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಆಗಲೂ ಹೊಂಗನೂರಿನ ಬಸ್ಸು ಹತ್ತಲಿಲ್ಲ.

ಕಳೆದ ವಾರ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಸೇವಂತಿಗೆ ಕೊಳ್ಳುತ್ತಿದ್ದರು. “ಇದು ಬಿಳೀದಾ, ಹಳದೀದಾ?” ಎಂದು ಹೂವಿನವಳನ್ನು ಕೇಳಿದರು. ಅವಳು ಹೇಳಿದ ಮೇಲೂ ಮತ್ತೆ ಕೇಳಿದರು. “ಏನಕ್ಕಾ, ಕಣ್ಮುಂದೇ ಐತಲ್ಲ” ಎಂದು ಅವಳು ರೇಗಿದಳು. ಅಷ್ಟರಲ್ಲಿ ನನ್ನನ್ನು ನೋಡಿದ ಮಹದೇವಮ್ಮ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು.

“ಚೆನ್ನಾಗಿದ್ದೀರಾ ಸಾರ್? ನೀವು ಹೇಳಿದ್ಮೇಲೆ ಕಣ್ಣು ತೋರಿಸ್ದೆ. ಡಾಕ್ಟ್ರು ಏನೂ ಇಲ್ಲ ಅಂದ್ಬುಟ್ರು. ಅವ್ರಿಗೇನ್ ಗೊತ್ತು, ಬಣ್ಣ ನೋಡೋರು ನೀವಲ್ವಾ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಾಳಿಕೊಳ್ಳಬಹುದಿತ್ತು.

ಹಾಗಾಗಿ ಇಂದು ಆ ಜಗಲಿಯಲ್ಲಿ ಕೂತಿದ್ದೆ. ನಾನು ಹೇಳಿದ್ದನ್ನು ಕೇಳಿ ಅವರದು ಒಂದೇ ಪ್ರಶ್ನೆ: “ನಿಮ್ಗೆ ಯಾವಾಗ ಗೊತ್ತಾಯ್ತು ಸಾರ್?”

ಪೊರೆ ತೆಗೆಸಿದ ಮೇಲೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. “ಅದೇ ತಿಂಗಳು” ಎಂದೆ. ಮಗುವಿನ ಆಟದ ಕಥೆಯನ್ನೂ ಹೇಳಿದೆ.

“ಕಣ್ಣು ಕಾಣ್ದೆ ಹೇಳಿದ್ದು ಸರಿ, ಯಾರ್ಗಾದ್ರೂ ಆಯ್ತದೆ. ಗೊತ್ತಾದ್ಮೇಲೂ…” ಅವರು ಮುಗಿಸಲಿಲ್ಲ. “ಅವತ್ತು ಎಲ್ರ ಮುಂದೆ ಹೇಳಿದ್ರಿ. ಇವತ್ತು ಜಗಲೀಲಿ ಕೂತ್ಕಂಡು ಹೇಳ್ತಾ ಇದ್ದೀರಿ” ಎಂದರು.

ಅದಕ್ಕಾಗಿಯೇ ಇದನ್ನು ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಒಳಗೆ ಹೋಗಿದ್ದ ಗೀತಾ ರೇಷ್ಮೆ ಹುಳುವಿನ ಮನೆಯಿಂದ ಕೂಗಿದಳು. “ಅತ್ತೆ, ಹುಳ ಹಣ್ಣಾಗವೆ. ಚಂದ್ರಿಕೆ ಇಡ್ಕ ಬನ್ನಿ.” ಹಣ್ಣಾದ ಹುಳುವಿನ ಮೈ ಬಿಳುಪು ಬಿಟ್ಟು ಹಳದಿಗೆ ತಿರುಗುತ್ತದೆ. ಅದನ್ನು ಗುರುತಿಸಿ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಈ ಮನೆಯಲ್ಲಿ ಆರಿಸುವವಳು ಸೊಸೆ, ಚಂದ್ರಿಕೆ ಹಿಡಿಯುವವರು ಅತ್ತೆ — ಯಾಕೆಂದು ನಾನು ಕೇಳಬೇಕಾಗಿರಲಿಲ್ಲ.

ಮಹದೇವಮ್ಮ ಒಳಗೆ ಹೋದರು. “ನೀನೇ ಇಡ್ಕ” ಎಂದು ಚಂದ್ರಿಕೆಯನ್ನು ಸೊಸೆಯ ಕೈಗೆ ಕೊಟ್ಟು ಹುಳುಗಳ ತಟ್ಟೆಯ ಮೇಲೆ ಬಗ್ಗಿದರು. ಮೊದಲ ಹುಳುವಿನ ಮೇಲೆ ಕೈ ತಡೆಯಿತು. ಸೊಸೆಯ ಕಡೆ ನೋಡಿದರು. ಕೇಳಲಿಲ್ಲ. ಎತ್ತಿ ಚಂದ್ರಿಕೆಗೆ ಬಿಟ್ಟರು. ಇನ್ನೊಂದು. ಮತ್ತೊಂದು.

ಬಾಗಿಲ ಹೊರಗೇ ನಿಂತಿದ್ದ ನನಗೆ ತಲೆಯೆತ್ತದೆ ಹೇಳಿದರು: “ನಿಂತೇ ಇದ್ದೀರಲ್ಲ. ಕೈಕಾಲು ತೊಳ್ಕಂಡು ಬಂದು ತುಂಬಿರೋದ್ನ ಗೋಡೆಗೆ ಒರಗ್ಸಿ.”

ತೊಳೆದುಕೊಂಡು ಬಂದೆ. ಅವರು ತುಂಬಿಸಿದ್ದನ್ನು ಒಂದೊಂದಾಗಿ ಗೋಡೆಗೆ ಒರಗಿಸಿದೆ. ಯಾವುದನ್ನೂ ಪರೀಕ್ಷಿಸಲಿಲ್ಲ. ಕೊನೆಯ ಚಂದ್ರಿಕೆ ಒರಗಿಸಿದಾಗ ಬಿಸಿಲು ಇಳಿದಿತ್ತು.